ನಾಯಕನ ಆಯ್ಕೆಯೂ ನವಗ್ರಹಗಳೂ



ರಾಜಕೀಯ ಪಕ್ಷವೊಂದರ ಗಾದಿಗೆ ಇಬ್ಬರು ಎದುರುಬದುರಾಗಿ ನಿಂತರು ಎನ್ನಿ. ಮರುದಿನವೇ ಅವರಿಬ್ಬರ ಜಾತಕ ಊರೆಲ್ಲ ಓಡಾಡತೊಡಗುತ್ತದೆ. ಒಬ್ಬರಿಗೆ ಗುರುಬಲವಂತೆ, ಇನ್ನೊಬ್ಬರಿಗೆ ಶನಿಕಾಟವಂತೆ. ಗಡಿನಾಡಿನಲ್ಲಿರುವ ನಿಮಗೆ ಈ ಮಾತು ಎರಡೆರಡು ಭಾಷೆಗಳಲ್ಲಿ ಬಂದು ತಲುಪುತ್ತದೆ. ನಾವು ಏಳೂವರೆ ಶನಿ ಎನ್ನುವುದನ್ನೇ ತಾಳವಾಡಿ, ಹೊಸೂರಿನ ತಮಿಳರು ‘ಏಳರೈ ಶನಿ’ ಎನ್ನುತ್ತಾರೆ. ಕಾಸರಗೋಡಿನ ಮಲಯಾಳಿಗಳಿಗೆ ಅದು ‘ಏಳರ ಶನಿ’, ಆದೋನಿ, ಮಡಕಶಿರಾ ಕಡೆಯ ತೆಲುಗರಿಗೆ ‘ಏಲಿನಾಟಿ ಶನಿ’, ಅಕ್ಕಲಕೋಟೆ, ಜತ್ತದ ಮರಾಠಿಗರಿಗೆ ‘ಸಾಡೇಸಾತಿ’. ಹೆಸರು ಬೇರೆ ಬೇರೆ, ಹೆದರಿಕೆ ಮಾತ್ರ ಒಂದೇ.

ಇಂಥ ಭವಿಷ್ಯವಾಣಿಗಳು ಹೇಗೆ ತಯಾರಾಗುತ್ತವೆ, ಅವು ಅಷ್ಟೊಂದು ಸಲ ನಿಜವಾದಂತೆ ಏಕೆ ಕಾಣುತ್ತವೆ, ಫಲಿತಾಂಶ ನಿಜವಾಗಿ ಎಲ್ಲಿ ತೀರ್ಮಾನವಾಗಿರುತ್ತದೆ ಎಂಬುದನ್ನು ಇಂದು ನೋಡೋಣ. ಇದು ಬರಿಯ ಹರಟೆಯ ವಿಷಯವಲ್ಲ. ಜಾತಕದ ಮಾತು ನಂಬಿ ಬಾಜಿ ಕಟ್ಟಿ ಟಗರು ಕಳೆದುಕೊಂಡವರಿದ್ದಾರೆ. ‘ಇವರದೇ ರಾಜಯೋಗ’ ಎಂದು ಯಾರೋ ಹೇಳಿದ್ದಕ್ಕೆ ಗುಂಪು ಬದಲಾಯಿಸಿ, ಕೊನೆಗೆ ಎರಡೂ ಕಡೆಗೆ ಸಲ್ಲದೆ ಹೋದ ಕಾರ್ಯಕರ್ತರೂ ಇದ್ದಾರೆ.

ನಮಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮತದಾನ ನಡೆಯಿತು. ಒಂದು ಕಡೆ ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ 1942ರ ಜುಲೈ 21ರಂದು ಹುಟ್ಟಿದ ಮಲ್ಲಿಕಾರ್ಜುನ ಖರ್ಗೆ. ಇನ್ನೊಂದು ಕಡೆ ಲಂಡನ್ನಿನಲ್ಲಿ 1956ರ ಮಾರ್ಚ್ 9ರಂದು ಹುಟ್ಟಿ, ತಿರುವನಂತಪುರದಿಂದ ಲೋಕಸಭೆಗೆ ಆರಿಸಿ ಬಂದಿದ್ದ ಶಶಿ ತರೂರ್. ಒಬ್ಬರು ಕನ್ನಡ ನಾಡಿನವರು, ಇನ್ನೊಬ್ಬರು ಕೇರಳದ ಸಂಸದರು. ಕಾಸರಗೋಡು, ವಯನಾಡಿನ ಕನ್ನಡಿಗರಿಗೆ ಇಬ್ಬರೂ ನಮ್ಮವರೇ ಎನ್ನುವಂಥ ಸ್ಪರ್ಧೆ. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನಲ್ಲಿ ಅಂದು ಭಾರತ್ ಜೋಡೋ ಯಾತ್ರೆ ಬೀಡುಬಿಟ್ಟಿತ್ತು. ರಾಹುಲ್ ಗಾಂಧಿಯವರು ಅಲ್ಲಿಯೇ ಮತ ಹಾಕಿದರು. ರಾಯದುರ್ಗ, ಆದೋನಿಯ ಕೇಳುಗರಿಗೆ ಅದು ಪಕ್ಕದೂರಿನ ಮಾತು.

ಎರಡು ದಿನದ ಬಳಿಕ ಎಣಿಕೆ ನಡೆಯಿತು. ಬಿದ್ದ ಮತ 9,385. ಖರ್ಗೆಯವರಿಗೆ 7,897, ತರೂರ್ ಅವರಿಗೆ 1,072. ಉಳಿದ 416 ಮತ ತಿರಸ್ಕೃತ.

ಈ ಅಂಕಿಗಳನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಡಿ. ಇಷ್ಟು ದೊಡ್ಡ ಅಂತರವನ್ನು ಮುಂಚಿತವಾಗಿ ಊಹಿಸಲು ಜಾತಕ ಬೇಕಿತ್ತೇ? ಸೆಪ್ಟೆಂಬರ್ 30ರಂದು ಖರ್ಗೆಯವರು ಉಮೇದುವಾರಿಕೆ ಸಲ್ಲಿಸಿದಾಗಲೇ ಉತ್ತರ ಸಿಕ್ಕಿತ್ತು. ಅವರ ಹೆಸರು ಸೂಚಿಸಿ ಸಹಿ ಹಾಕಿದವರಲ್ಲಿ ಕೇರಳದವರೇ ಆದ ಎ.ಕೆ. ಆಂಟನಿ ಇದ್ದರು, ಮಹಾರಾಷ್ಟ್ರದ ಪೃಥ್ವಿರಾಜ್ ಚವಾಣ್ ಇದ್ದರು, ಪಕ್ಷದಲ್ಲಿ ಬದಲಾವಣೆ ಬೇಕೆಂದು ಹಿಂದೆ ಪತ್ರ ಬರೆದಿದ್ದ ಹಿರಿಯರಲ್ಲಿ ಹಲವರಿದ್ದರು. ತರೂರ್ ಅವರು ಯಾರ ಬೆಂಬಲ ನಿರೀಕ್ಷಿಸಬಹುದಾಗಿತ್ತೋ ಅವರೇ ಆಚೆ ಕಡೆಯ ಕಾಗದದಲ್ಲಿ ಸಹಿ ಮಾಡಿದ್ದರು. ಆ ಒಂದು ಹಾಳೆಯನ್ನು ಓದಬಲ್ಲವನಿಗೆ ಕುಂಡಲಿಯ ಹನ್ನೆರಡು ಮನೆ ನೋಡುವ ಶ್ರಮವಿರಲಿಲ್ಲ.

ಹಿಂದಿನ ಲೆಕ್ಕಗಳನ್ನೂ ನೋಡಿ. 1997ರಲ್ಲಿ ಸೀತಾರಾಮ್ ಕೇಸರಿಯವರಿಗೆ 6,224 ಮತ, ಶರದ್ ಪವಾರ್ ಅವರಿಗೆ 882, ರಾಜೇಶ್ ಪೈಲಟ್ ಅವರಿಗೆ 354. ಸೊಲ್ಲಾಪುರದ ಕೇಳುಗರಿಗೆ ಪವಾರರ ಹೆಸರು ಎಷ್ಟು ದೊಡ್ಡದೆಂದು ಹೇಳಬೇಕಿಲ್ಲ. ಆದರೂ ದೊರೆತದ್ದು ಅಷ್ಟೇ. 2000ದಲ್ಲಿ ಸೋನಿಯಾ ಗಾಂಧಿಯವರಿಗೆ 7,448, ಜಿತೇಂದ್ರ ಪ್ರಸಾದ ಅವರಿಗೆ ಬರೀ 94. ಮೂರು ಚುನಾವಣೆಯಲ್ಲೂ ಪಕ್ಷದ ಯಂತ್ರ ಯಾರ ಕೈಯಲ್ಲಿತ್ತೋ, ಅಥವಾ ಯಾರ ಕಡೆಗೆ ವಾಲಿತ್ತೋ, ಅವರೇ ಗೆದ್ದರು. ಇಂಥ ಕಡೆ ಮತ ಹಾಕುವವರು ನೀವೂ ಅಲ್ಲ, ನಾನೂ ಅಲ್ಲ. ಬ್ಲಾಕುಗಳಿಂದ ಬಂದ ಪ್ರದೇಶ ಸಮಿತಿಯ ಪ್ರತಿನಿಧಿಗಳು, ಸುಮಾರು ಒಂಬತ್ತು-ಹತ್ತು ಸಾವಿರ ಮಂದಿ. ಆ ಪಟ್ಟಿಯಲ್ಲಿ ಯಾರಿದ್ದಾರೆ, ಅವರನ್ನು ಅಲ್ಲಿ ಸೇರಿಸಿದವರು ಯಾರು ಎಂಬುದೇ ಇಂಥ ಚುನಾವಣೆಯ ಜಾತಕ.

2022ರಲ್ಲಿ ಗಲಾಟೆ ಎದ್ದದ್ದೂ ಆ ಪಟ್ಟಿಯ ವಿಷಯಕ್ಕೇ. ತರೂರ್, ಮನೀಶ್ ತಿವಾರಿ, ಕಾರ್ತಿ ಚಿದಂಬರಂ ಸೇರಿದಂತೆ ಐವರು ಸಂಸದರು ಚುನಾವಣಾ ಪ್ರಾಧಿಕಾರದ ಮಧುಸೂದನ್ ಮಿಸ್ತ್ರಿಯವರಿಗೆ ಪತ್ರ ಬರೆದು ಮತದಾರರ ಪಟ್ಟಿ ಕೊಡಿ ಎಂದು ಕೇಳಿದ್ದರು. ಇನ್ನೂ ಒಂದು ಸಣ್ಣ ಸಂಗತಿ ಇದೆ. ಮತಪತ್ರದಲ್ಲಿ ಮೆಚ್ಚಿದವರ ಮುಂದೆ ‘1’ ಎಂದು ಬರೆಯಬೇಕೆಂದು ಮೊದಲು ಸೂಚನೆಯಿತ್ತು. ಖರ್ಗೆಯವರ ಕ್ರಮಸಂಖ್ಯೆಯೂ ಒಂದೇ. ಗೊಂದಲವಾಗುತ್ತದೆ ಎಂದು ತರೂರ್ ಕಡೆಯವರು ಆಕ್ಷೇಪಿಸಿದ ಮೇಲೆ ಅದನ್ನು ಸರಿ ಗುರುತಿಗೆ ಬದಲಾಯಿಸಿದರು. ಮಾತಾಡಬೇಕಾದ ವಿಷಯಗಳೆಂದರೆ ಇವು. ಶನಿ ಮಕರದಲ್ಲಿದ್ದಾನೋ ಕುಂಭದಲ್ಲಿದ್ದಾನೋ ಎಂದು ಚರ್ಚಿಸುತ್ತ ಕುಳಿತರೆ ಪಟ್ಟಿಯ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಈಗ ಭವಿಷ್ಯ ಹೇಳುವ ಬಗೆಗೆ ಬರೋಣ. ಮೊದಲೇ ಒಂದು ಮಾತು. ಪಂಚಾಂಗದ ಗಣಿತ ಬೇರೆ, ಅದರ ಮೇಲೆ ಹೇಳುವ ಫಲ ಬೇರೆ. ಗ್ರಹಣ ಇಂಥ ದಿನ, ಇಂಥ ಗಳಿಗೆಗೆ ಎಂದು ಗಣಿತ ಹೇಳುತ್ತದೆ. ನೀವು ಅಂಗಳದಲ್ಲಿ ನಿಂತು ಸರಿಯೋ ತಪ್ಪೋ ನೋಡಬಹುದು. ಫಲದ ಮಾತಿಗೆ ಅಂಥ ಅಂಗಳ ಸಿಗುವುದು ಅಪರೂಪ.

ಫಲ ಹೇಳುವವರು ಮುಖ್ಯವಾಗಿ ಮೂರನ್ನು ನೋಡುತ್ತಾರೆ: ಹುಟ್ಟಿದ ಹೊತ್ತಿನ ಲಗ್ನ, ಚಂದ್ರನ ನಕ್ಷತ್ರದಿಂದ ಲೆಕ್ಕ ಹಾಕುವ ದಶೆ, ಮತ್ತು ಈಗ ಗ್ರಹಗಳು ಎಲ್ಲಿವೆ ಎಂಬ ಗೋಚಾರ. ಗೋಚಾರದ ನಿಯಮ ನಿಮಗೂ ಗೊತ್ತಿರುವಂಥದೇ. ಜನ್ಮರಾಶಿಯಿಂದ 2, 5, 7, 9, 11ರಲ್ಲಿ ಗುರು ಇದ್ದರೆ ಗುರುಬಲ. ಶನಿ 12, 1, 2ರಲ್ಲಿದ್ದರೆ ಏಳೂವರೆ ಶನಿ. 4ರಲ್ಲಿ, 8ರಲ್ಲಿ ಇದ್ದರೂ ಕಾಟ. ಅಂದರೆ ಯಾವುದೇ ದಿನ ಹನ್ನೆರಡರಲ್ಲಿ ಐದು ರಾಶಿಯವರಿಗೆ ಗುರುಬಲ ಇದ್ದೇ ಇರುತ್ತದೆ, ಐದು ರಾಶಿಯವರಿಗೆ ಶನಿಕಾಟವೂ ಇದ್ದೇ ಇರುತ್ತದೆ. ಕೆಲವರಿಗೆ ಎರಡೂ ಒಟ್ಟಿಗೆ. ಗೆದ್ದ ಮೇಲೆ ಗುರುಬಲವನ್ನು ತೋರಿಸಬಹುದು, ಸೋತ ಮೇಲೆ ಶನಿಯನ್ನು. ಗುರು ಶನಿ ಎರಡರಲ್ಲೂ ಏನೂ ಸಿಗದಿದ್ದರೆ ದಶೆ ಇದೆ, ಭುಕ್ತಿ ಇದೆ, ರಾಹು ಇದ್ದಾನೆ.

ಇನ್ನು ಲಗ್ನ. ಸುಮಾರು ಎರಡು ಗಂಟೆಗೊಮ್ಮೆ ಲಗ್ನ ಬದಲಾಗುತ್ತದೆ. ಹಾಗಾಗಿ ಹುಟ್ಟಿದ ಗಳಿಗೆ ನಿಖರವಾಗಿ ಗೊತ್ತಿರಬೇಕು. ನಮ್ಮ ನಾಯಕರಲ್ಲಿ ಎಷ್ಟು ಮಂದಿಗೆ ಅದು ಗೊತ್ತು? ಸಿದ್ದರಾಮಯ್ಯನವರು ತಮ್ಮ ನಿಜವಾದ ಜನ್ಮದಿನಾಂಕ ತಮಗೆ ತಿಳಿಯದು, ದಾಖಲೆಯಲ್ಲಿರುವುದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಎಂದು ಬಹಿರಂಗವಾಗಿಯೇ ಹೇಳಿದ್ದಾರೆ. ನಿಮ್ಮೂರಿನ ಹಿರಿಯರನ್ನು ಕೇಳಿ. ಅರ್ಧ ಊರು ಜೂನ್ ಒಂದನೇ ತಾರೀಖಿನಂದೇ ಹುಟ್ಟಿರುತ್ತದೆ. ಹೊತ್ತು ಬರೆದಿಟ್ಟಿದ್ದರೂ ಯಾವ ಗಡಿಯಾರದ ಹೊತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ರಾಜೀವ್ ಗಾಂಧಿಯವರು ಮುಂಬಯಿಯಲ್ಲಿ ಹುಟ್ಟಿದ್ದು ಆ ಅವಧಿಯಲ್ಲೇ, 1944ರ ಆಗಸ್ಟ್ 20ರಂದು. ಮುಂಬಯಿಗೆ ಆಗ ಬೇರೆಯೇ ಆದ ಸ್ಥಳೀಯ ಕಾಲವೂ ಬಳಕೆಯಲ್ಲಿತ್ತು. ಒಂದು ಗಂಟೆ ತಪ್ಪಿದರೆ ಲಗ್ನ ಅರ್ಧ ರಾಶಿಯಷ್ಟು ಜರುಗುತ್ತದೆ. ದೇಶದ ಭವಿಷ್ಯವನ್ನು ಅದರ ಮೇಲೆ ಹೇಳುವುದಾದರೆ ಗಡಿಯಾರದ ಬಗ್ಗೆ ಒಂದು ಮಾತು ಕೇಳುವುದು ತಪ್ಪಲ್ಲವಷ್ಟೆ.

ಗಡಿನಾಡಿನವರಾದ ನಿಮಗೆ ಇನ್ನೊಂದು ಅನುಕೂಲವಿದೆ. ಒಂದೇ ಭಾಷೆಯ ಊರಿನವರು ಒಂದೇ ಪಂಚಾಂಗ ನೋಡಿ ಸುಮ್ಮನಾಗುತ್ತಾರೆ. ನಿಮ್ಮ ಗೋಡೆಯ ಮೇಲೆ ಎರಡು ತೂಗುತ್ತವೆ. 2022ರಲ್ಲಿ ಯುಗಾದಿ, ಗುಡಿಪಾಡ್ಯ ಏಪ್ರಿಲ್ 2ರಂದು ಬಂದರೆ, ತಮಿಳರ ಹೊಸವರ್ಷ 14ರಂದು, ಕೇರಳದ ವಿಷು 15ರಂದು. ಇದು ಚಾಂದ್ರಮಾನ ಸೌರಮಾನಗಳ ವ್ಯತ್ಯಾಸ; ಎಲ್ಲರಿಗೂ ತಿಳಿದದ್ದೇ. ಶನಿಯ ವಿಷಯದಲ್ಲಿ ಇರುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ತಮಿಳುನಾಡಿನಲ್ಲಿ ವಾಕ್ಯ ಪಂಚಾಂಗ, ತಿರುಕ್ಕಣಿತ ಪಂಚಾಂಗ ಎಂದು ಎರಡು ಸಂಪ್ರದಾಯಗಳಿವೆ. ಮೊದಲನೆಯದು ಹಳೆಯ ಸೂತ್ರಗಳ ಲೆಕ್ಕ, ಎರಡನೆಯದು ನಮ್ಮಲ್ಲಿ ದೃಗ್ಗಣಿತ ಎನ್ನುತ್ತೇವಲ್ಲ, ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ತಾಳೆ ನೋಡಿದ ಲೆಕ್ಕ. ಶನಿ ಮಕರದಿಂದ ಕುಂಭಕ್ಕೆ ಹೋದದ್ದು ದೃಗ್ಗಣಿತದಂತೆ 2023ರ ಜನವರಿ 17ರಂದು. ವಾಕ್ಯದಂತೆ, ತಿರುನಳ್ಳಾರಿನ ಶನೀಶ್ವರ ಸನ್ನಿಧಿಯಲ್ಲಿ ಉತ್ಸವ ನಡೆದದ್ದು ಅದೇ ವರ್ಷ ಡಿಸೆಂಬರ್ 20ರಂದು. ನಡುವೆ ಹನ್ನೊಂದು ತಿಂಗಳು!

ಆ ಹನ್ನೊಂದು ತಿಂಗಳ ನಡುವೆಯೇ ಕರ್ನಾಟಕದಲ್ಲಿ ಒಂದು ನಾಯಕತ್ವದ ಸ್ಪರ್ಧೆ ನಡೆಯಿತು ಎಂಬುದನ್ನು ನೆನೆಯಿರಿ. 2023ರ ಮೇ 13ರಂದು ವಿಧಾನಸಭೆಯ ಫಲಿತಾಂಶ ಬಂತು, ಕಾಂಗ್ರೆಸ್ಸಿಗೆ 135 ಸ್ಥಾನ. ಮುಖ್ಯಮಂತ್ರಿ ಸಿದ್ದರಾಮಯ್ಯನವರೋ ಡಿ.ಕೆ. ಶಿವಕುಮಾರ್ ಅವರೋ ಎಂದು ಐದು ದಿನ ಎಳೆದಾಟ. ಶಾಸಕರ ಅಭಿಪ್ರಾಯ ಕೇಳಲು ಬಂದ ಮೂವರು ವೀಕ್ಷಕರಲ್ಲಿ ಒಬ್ಬರು ನಮ್ಮ ಸೊಲ್ಲಾಪುರದ ಸುಶೀಲ್‌ಕುಮಾರ್ ಶಿಂದೆ. ಆ ದಿನಗಳಲ್ಲಿ ತಾಳವಾಡಿಯ ಒಂದೇ ಮನೆಯಲ್ಲಿ ಶನಿ ಒಂದು ಪಂಚಾಂಗದಂತೆ ಕುಂಭದಲ್ಲಿದ್ದ, ಇನ್ನೊಂದರಂತೆ ಮಕರದಲ್ಲೇ ಇದ್ದ. ಕುಂಭದ ಶನಿಯನ್ನು ಹಿಡಿದು ಒಬ್ಬರಿಗೆ ಕಾಟ ಎನ್ನಬಹುದಿತ್ತು, ಮಕರದ ಶನಿಯನ್ನು ಹಿಡಿದು ಇನ್ನೊಬ್ಬರಿಗೆ. ಎರಡೂ ಶಾಸ್ತ್ರಬದ್ಧವೇ. ಕೊನೆಗೆ ದೆಹಲಿಯ ಮಾತುಕತೆಗಳಾಗಿ ಮೇ 18ರಂದು ತೀರ್ಮಾನ ಹೊರಬಿತ್ತು. 20ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿಯೂ ಶಿವಕುಮಾರ್ ಅವರು ಉಪಮುಖ್ಯಮಂತ್ರಿಯಾಗಿಯೂ ಪ್ರಮಾಣ ಸ್ವೀಕರಿಸಿದರು.

ಪಂಚಾಂಗಗಳ ಈ ಭಿನ್ನತೆಯನ್ನು ಸರಿಪಡಿಸಲು ಸರಕಾರವೂ ಪ್ರಯತ್ನಿಸಿದ್ದುಂಟು. 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗ ಪದ್ಧತಿಗಳು ಬಳಕೆಯಲ್ಲಿದ್ದ ಕಾಲ ಅದು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆದರೆ ಜ್ಯೋತಿಷಿಗಳೆಲ್ಲ ಅದರ ಅಯನಾಂಶವನ್ನು ಒಪ್ಪಲಿಲ್ಲ. ಬೆಂಗಳೂರಿನ ಹೆಸರಾಂತ ಜ್ಯೋತಿಷಿ ಬಿ.ವಿ. ರಾಮನ್ ಅವರು ಬಳಸುತ್ತಿದ್ದ ಅಯನಾಂಶಕ್ಕೂ ಸಮಿತಿಯದಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಕೇಳಲು ಸಣ್ಣದು. ಆದರೆ ಚಂದ್ರ ಅಷ್ಟು ಜರುಗಿದರೆ ದಶೆಗಳು ಆರಂಭವಾಗುವ ದಿನ ಕೆಲವು ತಿಂಗಳಿಂದ ಎರಡು ವರ್ಷಕ್ಕೂ ಮಿಕ್ಕಿ ಹಿಂದುಮುಂದಾಗುತ್ತದೆ. ಎಳೆದಾಟ ನಡೆಯುವುದು ಐದು ದಿನ, ಲೆಕ್ಕದ ಅಂತರ ಎರಡು ವರ್ಷ.

ಪಂಚಾಂಗ ಒಂದೇ ಆಗಿದ್ದರೂ ಫಲ ಎರಡಾಗುವುದನ್ನು ನೋಡಬೇಕೆಂದರೆ ಆಂಧ್ರ, ತೆಲಂಗಾಣದ ಯುಗಾದಿಯನ್ನು ನೋಡಬೇಕು. ಅಲ್ಲಿ ರಾಜಕೀಯ ಪಕ್ಷಗಳು ತಮ್ಮ ತಮ್ಮ ಕಚೇರಿಗಳಲ್ಲೇ ಪಂಚಾಂಗ ಶ್ರವಣ ಏರ್ಪಡಿಸುತ್ತವೆ. ಶಾಲು ಹೊದ್ದ ಪಂಡಿತರು ರಾಜಪೂಜ್ಯ, ಅವಮಾನಗಳ ಅಂಕಿ ಓದುತ್ತಾರೆ. ಯಾವ ಪಕ್ಷದ ಕಚೇರಿಯೋ ಆ ಪಕ್ಷದ ನಾಯಕರಿಗೆ ಆ ವರ್ಷ ಯೋಗ ಚೆನ್ನಾಗಿರುತ್ತದೆ. ಎದುರು ಪಕ್ಷದ ಕಚೇರಿಯಲ್ಲಿ ಅದೇ ಹೊತ್ತಿಗೆ ಇನ್ನೊಬ್ಬರಿಗೆ. ಸಂಭಾವನೆ ಕೊಟ್ಟವರ ಮುಂದೆ ಅವರಿಗೇ ಅಶುಭ ನುಡಿಯುವ ಧೈರ್ಯ ಯಾರಿಗಿದೆ, ನೀವೇ ಹೇಳಿ.

ಹಾಗಿದ್ದರೂ ಕೆಲವರ ಭವಿಷ್ಯ ಸಾಲಾಗಿ ನಿಜವಾಗುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ಆಗುತ್ತದೆ. ಆಗದಿದ್ದರೇ ಆಶ್ಚರ್ಯ. ನೂರು ಮಂದಿ ಇದ್ದಾರೆ, ಇಬ್ಬರ ಸ್ಪರ್ಧೆ. ಐವತ್ತು ಮಂದಿ ಒಬ್ಬರ ಹೆಸರು ಹೇಳಿದರು, ಐವತ್ತು ಮಂದಿ ಇನ್ನೊಬ್ಬರದು. ಯಾರೇ ಗೆಲ್ಲಲಿ, ಐವತ್ತು ಮಂದಿಯ ಮಾತು ಸರಿ. ಮುಂದಿನ ಸ್ಪರ್ಧೆಯಲ್ಲಿ ಅವರಲ್ಲಿ ಇಪ್ಪತ್ತೈದು ಮಂದಿಯದು ಸರಿ. ಅದರ ಮುಂದಿನದರಲ್ಲಿ ಹನ್ನೆರಡು. ಈ ಹನ್ನೆರಡು ಮಂದಿ ‘ಮೂರಕ್ಕೆ ಮೂರೂ ನಿಜವಾಯಿತು’ ಎಂದು ಜಾಹೀರಾತು ಹಾಕುತ್ತಾರೆ, ಸುಳ್ಳೂ ಅಲ್ಲ. ಉಳಿದ ಎಂಬತ್ತೆಂಟು ಮಂದಿ ಜಾಹೀರಾತು ಹಾಕುವುದಿಲ್ಲ. ಹನ್ನೆರಡು ಜನರ ಬದಲು ಕವಡೆ ಎಸೆದಿದ್ದರೂ ಇದೇ ಲೆಕ್ಕ. ಸಾವಿರಾರು ಅಭ್ಯರ್ಥಿಗಳಿರುವ ವಿಧಾನಸಭಾ ಚುನಾವಣೆಗಿಂತ ಪಕ್ಷದ ಗಾದಿಯ ಭವಿಷ್ಯ ಜ್ಯೋತಿಷಿಗಳಿಗೆ ಇಷ್ಟವಾಗುವುದು ಇದಕ್ಕೇ ಇರಬೇಕು.

ಈ ಲೆಕ್ಕವನ್ನು ಪರೀಕ್ಷೆಗೂ ಒಡ್ಡಿದ್ದಾರೆ. ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ್ (2025ರಲ್ಲಿ ತೀರಿಕೊಂಡರು) 2008ರಲ್ಲಿ ನರೇಂದ್ರ ದಾಭೋಲ್ಕರ್ ಅವರ ಸಂಘಟನೆಯ ನೆರವಿನಿಂದ 200 ಜಾತಕ ಸಂಗ್ರಹಿಸಿದರು. ನೂರು ಜಾಣ ವಿದ್ಯಾರ್ಥಿಗಳದು, ನೂರು ಬುದ್ಧಿಮಾಂದ್ಯ ಮಕ್ಕಳದು. ಯಾವುದು ಯಾರದೆಂದು ಹೇಳಲು ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ ಕೊಟ್ಟರು. ಉತ್ತರ ಕಳುಹಿಸಿದವರು 27 ಮಂದಿ. ಅತ್ಯಂತ ಹೆಚ್ಚು ಸರಿ ಹೇಳಿದವರದು 40ಕ್ಕೆ 24. ಎಲ್ಲರದೂ ಒಟ್ಟು ಹಾಕಿದರೆ ಅರ್ಧಕ್ಕಿಂತ ಸ್ವಲ್ಪ ಕೆಳಗೆ.

ದಿನ ಹಿಡಿದು, ಹೆಸರು ಹಿಡಿದು ಹೇಳಿದ ರಾಜಕೀಯ ಭವಿಷ್ಯ ಸಿಗುವುದು ಕಷ್ಟ. ಸಿಕ್ಕಿದ್ದೊಂದು ರಾಮೇಶ್ವರದ ಆಚೆಯದು. ಶ್ರೀಲಂಕಾದ ಅಧ್ಯಕ್ಷರಾಗಿದ್ದ ಮಹಿಂದ ರಾಜಪಕ್ಸೆಯವರು ಅವಧಿ ಇನ್ನೂ ಎರಡು ವರ್ಷ ಇರುವಾಗಲೇ ಚುನಾವಣೆಗೆ ಹೋದರು. ಗೆಲುವು ಖಚಿತ ಎಂದವರು ಅವರ ಜ್ಯೋತಿಷಿ ಸುಮನದಾಸ ಅಭಯಗುಣವರ್ಧನ. 2015ರ ಜನವರಿ 8ರಂದು ಮತದಾನವಾಯಿತು. ಗೆದ್ದವರು ಮೈತ್ರಿಪಾಲ ಸಿರಿಸೇನ. ಅವರು ಬೇರೆ ಯಾರೂ ಅಲ್ಲ, ರಾಜಪಕ್ಸೆಯವರ ಪಕ್ಷದ್ದೇ ಪ್ರಧಾನ ಕಾರ್ಯದರ್ಶಿಯಾಗಿದ್ದು ಕೆಲವೇ ವಾರಗಳ ಹಿಂದೆ ಹೊರನಡೆದವರು. ಮಗ್ಗುಲಲ್ಲಿ ಕುಳಿತವರ ಮನಸ್ಸು ಕುಂಡಲಿಯಲ್ಲಿ ಕಾಣಲಿಲ್ಲ.

ದಿನ ಹೇಳದ ಭವಿಷ್ಯಕ್ಕೆ ಮಾತ್ರ ಸಾವೇ ಇಲ್ಲ. 1966ರ ಜನವರಿಯಲ್ಲಿ ಶಾಸ್ತ್ರೀಜಿ ತಾಷ್ಕೆಂಟಿನಲ್ಲಿ ತೀರಿಕೊಂಡ ಬಳಿಕ ಕಾಂಗ್ರೆಸ್ ಸಂಸದೀಯ ಪಕ್ಷದ ನಾಯಕತ್ವಕ್ಕೆ ಇಂದಿರಾ ಗಾಂಧಿ, ಮೊರಾರ್ಜಿ ದೇಸಾಯಿ ಸ್ಪರ್ಧಿಸಿದರು. ಜನವರಿ 19ರಂದು ಇಂದಿರಾ ಅವರಿಗೆ 355, ಮೊರಾರ್ಜಿಯವರಿಗೆ 169. ಕಾಮರಾಜರೂ ಹಲವು ಮುಖ್ಯಮಂತ್ರಿಗಳೂ ಇಂದಿರಾ ಕಡೆ ನಿಂತಾಗಲೇ ಅದು ಮುಗಿದಿತ್ತು. ಮೊರಾರ್ಜಿಯವರು ಹುಟ್ಟಿದ್ದು 1896ರ ಫೆಬ್ರುವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ. ಅವರು ಪ್ರಧಾನಿಯಾದದ್ದು 1977ರ ಮಾರ್ಚಿನಲ್ಲಿ, ಬೇರೆ ಪಕ್ಷದಿಂದ. ‘ಇವರಿಗೆ ಸಿಂಹಾಸನ ಯೋಗವಿದೆ’ ಎಂದು 1966ರಲ್ಲಿ ಯಾರಾದರೂ ಹೇಳಿದ್ದರೆ ಆ ಮಾತು ಹನ್ನೊಂದು ವರ್ಷ ತಪ್ಪಾಗಿದ್ದು ಒಂದು ಬೆಳಗ್ಗೆ ಸರಿಯಾಗಿಬಿಡುತ್ತಿತ್ತು.

ಒಂದು ಕಡೆ ಮಾತ್ರ ಭವಿಷ್ಯವಾಣಿಗೆ ನಿಜವಾದ ಶಕ್ತಿಯಿದೆ. ಅದು ಬೇಲಿಯ ಮೇಲೆ ಕುಳಿತವರ ಮೇಲೆ. ನೂರಿನ್ನೂರು ಶಾಸಕರ ಗುಂಪಿನಲ್ಲಿ ಹತ್ತು ಮಂದಿ ಗೆಲ್ಲುವ ಕಡೆ ಸೇರೋಣ ಎಂದು ಕಾಯುತ್ತಿದ್ದರೆ, ‘ಇವರದೇ ಗೆಲುವು’ ಎಂಬ ಸುದ್ದಿಯೇ ಅವರನ್ನು ಎಳೆಯುತ್ತದೆ. ಆಗ ಭವಿಷ್ಯ ಎನ್ನುವುದು ಗೋಡೆಗೆ ಅಂಟಿಸಿದ ಪೋಸ್ಟರಿನ ಹಾಗೆ. ಚುನಾವಣಾ ಆಯೋಗ ಇದನ್ನು ಗುರುತಿಸಿದೆ. ಪ್ರಜಾಪ್ರಾತಿನಿಧ್ಯ ಕಾಯಿದೆಯ 126ಎ ಕಲಮಿನಂತೆ ಮತಗಟ್ಟೆ ಸಮೀಕ್ಷೆಗೆ ನಿಷೇಧವಿರುವ ಅವಧಿಯಲ್ಲಿ ಜ್ಯೋತಿಷಿಗಳ ಫಲಿತಾಂಶ ಭವಿಷ್ಯವನ್ನೂ ಪ್ರಕಟಿಸಬಾರದೆಂದು 2017ರ ಮಾರ್ಚಿನಲ್ಲಿ ಮಾಧ್ಯಮಗಳಿಗೆ ಸೂಚಿಸಿತು. ಆದರೆ ಆ ಕಾಯಿದೆ ಲೋಕಸಭೆ, ವಿಧಾನಸಭೆಯಂಥ ಚುನಾವಣೆಗಳಿಗೆ. ಪಕ್ಷದೊಳಗಿನ ಸ್ಪರ್ಧೆಗೆ ಅನ್ವಯಿಸುವುದಿಲ್ಲ. ಅಲ್ಲಿ ಯಾರು ಏನು ಬೇಕಾದರೂ ನುಡಿಯಬಹುದು.

ಯಂತ್ರ ಕೈಯಲ್ಲಿದ್ದವರೇ ಗೆಲ್ಲುತ್ತಾರೆ ಎಂದು ಹೇಳಿದೆನಲ್ಲ, ಅದಕ್ಕೂ ಅಪವಾದವಿದೆ. 1939ರ ಜನವರಿಯಲ್ಲಿ ಗಾಂಧೀಜಿಯವರ ಒಲವಿದ್ದದ್ದು ಆಂಧ್ರದ ಪಟ್ಟಾಭಿ ಸೀತಾರಾಮಯ್ಯನವರ ಕಡೆಗೆ. ಗೆದ್ದವರು ಸುಭಾಷ್‌ಚಂದ್ರ ಬೋಸ್: 1,580ಕ್ಕೆ 1,377. ಬೋಸ್ ಗೆಲ್ಲುತ್ತಾರೆ ಎಂದವರ ಮಾತು ನಿಜವಾಯಿತು. ಆದರೆ ಕಾರ್ಯಸಮಿತಿ ಕೂಡಿಬರಲಿಲ್ಲ, ಏಪ್ರಿಲ್ ಕೊನೆಗೆ ಅವರು ರಾಜೀನಾಮೆ ಕೊಟ್ಟರು. ಹೀಗಾದಾಗ ಭವಿಷ್ಯ ಹೇಳಿದವರ ಲೆಕ್ಕದಲ್ಲಿ ಇದನ್ನು ಯಾವ ಕಡೆಗೆ ಬರೆಯಬೇಕು?

ಮುಂದಿನ ಸಲ ಯಾವುದೇ ಪಕ್ಷದಲ್ಲಿ ಇಂಥ ಪೈಪೋಟಿ ಬಂದಾಗ ಒಂದು ಕೆಲಸ ಮಾಡಿ. ಟಿ.ವಿ.ಯಲ್ಲಿ, ಪತ್ರಿಕೆಯಲ್ಲಿ, ಚಹಾದ ಅಂಗಡಿಯಲ್ಲಿ ಕೇಳಿದ ಭವಿಷ್ಯಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಯಾರು ಹೇಳಿದರು, ಯಾವ ತಾರೀಖು, ಯಾರ ಹೆಸರು, ಯಾವ ದಿನದೊಳಗೆ. ದಿನ ಹೇಳದವರದನ್ನು ಬರೆಯಬೇಡಿ. ಅದರ ಕೆಳಗೆ ಉಮೇದುವಾರಿಕೆಗೆ ಸಹಿ ಹಾಕಿದವರು ಯಾರು, ಮತ ಹಾಕುವವರು ಎಷ್ಟು ಮಂದಿ ಎಂದೂ ಬರೆಯಿರಿ. ಹಾಳೆಯನ್ನು ಮಡಿಚಿ ಪಂಚಾಂಗದೊಳಗೆ ಇಟ್ಟು, ಯುಗಾದಿಗೋ ವಿಷುವಿಗೋ ಹೊಸ ಪಂಚಾಂಗ ತಂದ ದಿನ ತೆಗೆದು ಓದಿ.